ಶುಗರ್ ಕಣ್ಣು, ಡ್ರಾಪ್ಸು, ಮತ್ತೆ ಕಸ್ಟಮರ್ ಕೇರು

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಾಗಲಿ, ಚಿತ್ರದುರ್ಗದ ಗಾಂಧಿ ವೃತ್ತದ ಆಸುಪಾಸಿನಲ್ಲಾಗಲಿ ‘ಕಂಪ್ಯೂಟರ್ ಕಣ್ಣು ಪರೀಕ್ಷೆ’ ಎನ್ನುವ ಬೋರ್ಡಿಗೆ ಬರವಿಲ್ಲ. ಶುಗರ್ ಇರುವ ಎಷ್ಟೋ ಮಂದಿ ಅಲ್ಲಿ ಕೂತು, ಮಷಿನ್ನಿಗೆ ಗದ್ದ ಒರಗಿಸಿ, ಕನ್ನಡಕದ ನಂಬರ್ ಬರೆಸಿಕೊಂಡು, ‘ಈ ವರ್ಷದ ಕಣ್ಣಿನ ಚೆಕಪ್ ಆಯ್ತು’ ಎಂದು ಮನೆಗೆ ಹೋಗುತ್ತಾರೆ. ಆಗಿರುವುದಿಲ್ಲ. ಆ ಮಷಿನ್ ಅಳೆಯುವುದು ಕನ್ನಡಕದ ಪವರನ್ನು ಮಾತ್ರ. ಶುಗರ್ ಕೆಡಿಸುವುದು ಕಣ್ಣಿನ ಹಿಂಭಾಗದ ಪರದೆಯನ್ನು, ಅಂದರೆ ರೆಟಿನಾವನ್ನು. ಅಲ್ಲಿನ ಸಣ್ಣ ರಕ್ತನಾಳಗಳು ಸೋರುತ್ತವೆ, ಕಟ್ಟಿಕೊಳ್ಳುತ್ತವೆ, ಕೊನೆಗೆ ಬೇಡದ ಕಡೆ ಹೊಸ ನಾಳಗಳು ಹುಟ್ಟಿ, ಒಡೆದು, ಕಣ್ಣೊಳಗೆ ರಕ್ತ ತುಂಬುತ್ತದೆ. ಇದೆಲ್ಲ ಶುರುವಾಗಿ ಬಹಳ ಕಾಲವಾದರೂ ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರ ಸ್ಪಷ್ಟವಾಗಿಯೇ ಕಾಣುತ್ತಿರಬಹುದು. ನೋವಂತೂ ಇರುವುದೇ ಇಲ್ಲ. 6/6 ಕಾಣುತ್ತದೆ ಎಂದ ಮಾತ್ರಕ್ಕೆ ಪರದೆ ಚೆನ್ನಾಗಿದೆ ಎಂದು ಲೆಕ್ಕವಲ್ಲ.

ಈ ಕಾಯಿಲೆಯ ಅರ್ಧ ಕೆಲಸ ನಡೆಯುವುದು ಡಾಕ್ಟರ ಕತ್ತಲೆ ಕೋಣೆಯಲ್ಲಿ. ಇನ್ನರ್ಧ ಕೌಂಟರಿನ ಮುಂದೆ ಮತ್ತು ಫೋನಿನ ಮೇಲೆ. ಅಲ್ಲಿ ಮಸುಕಾಗಿ ಕೇಳಿದರೆ ಮಸುಕಾದ ಉತ್ತರವೇ ಸಿಗುವುದು. ‘ಕಣ್ಣು ತೋರಿಸಬೇಕಿತ್ತು’ ಎಂದರೆ ನಂಬರ್ ಚೆಕ್ ಮಾಡಿ ಕಳಿಸುತ್ತಾರೆ. ‘ನನ್ನ ಕ್ಲೇಮ್ ಏನಾಯ್ತು’ ಎಂದರೆ ‘ಪ್ರೋಸೆಸ್ಸಲ್ಲಿದೆ ಸರ್’ ಎನ್ನುತ್ತಾರೆ. ಬೇಕಾದದ್ದರ ಹೆಸರು ಹೇಳಿ ಕೇಳುವುದನ್ನು ಕಲಿತರೆ ಎರಡೂ ಕಡೆ ಅಲೆದಾಟ ಕಡಿಮೆಯಾಗುತ್ತದೆ.

ಯಾವಾಗ ಹೋಗಬೇಕು ಎನ್ನುವುದು ಸರಳ. ಟೈಪ್ 2 ಶುಗರ್ ಎಂದು ಗೊತ್ತಾದ ದಿನಗಳಲ್ಲೇ ಮೊದಲ ಸಲ, ಆಮೇಲೆ ವರ್ಷಕ್ಕೊಮ್ಮೆ. ಗೊತ್ತಾಗುವ ಹೊತ್ತಿಗೆ ಶುಗರ್ ಒಳಗೊಳಗೇ ಕೆಲವು ವರ್ಷ ಕಳೆದಿರುವುದು ಸಾಮಾನ್ಯ, ಅದಕ್ಕೇ ಕಾಯಬಾರದು. ಟೈಪ್ 1 ಇದ್ದವರಿಗೆ ಶುರುವಾಗಿ ಐದು ವರ್ಷದೊಳಗೆ. ಮೊದಲೇ ಶುಗರ್ ಇದ್ದು ಗರ್ಭಿಣಿಯಾದವರು ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು. ಇನ್ನೊಂದು ಸಂದರ್ಭ ಬಹಳ ಜನಕ್ಕೆ ಗೊತ್ತಿಲ್ಲ: ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರಿನ ಅಂಕಿ) 11, 12 ಇದ್ದವರಿಗೆ ಇನ್ಸುಲಿನ್ ಹಚ್ಚಿ ಕೆಲವೇ ತಿಂಗಳಲ್ಲಿ 7ರ ಹತ್ತಿರ ಇಳಿಸಿದಾಗ, ಪರದೆ ಮೊದಲೇ ಹಾಳಾಗಿದ್ದರೆ ತಾತ್ಕಾಲಿಕವಾಗಿ ಇನ್ನಷ್ಟು ಹದಗೆಡುವುದುಂಟು. ಅದಕ್ಕಾಗಿ ಶುಗರ್ ಇಳಿಸದೆ ಬಿಡಬೇಕಿಲ್ಲ. ಇಳಿಸಲು ಹೊರಡುವ ಮೊದಲು ಒಮ್ಮೆ ಪರದೆ ನೋಡಿಸಿಕೊಳ್ಳಬೇಕು, ಅಷ್ಟೆ.

ಫೋನಿನಲ್ಲಿ ಕೇಳಬೇಕಾದ್ದು

ಮೊಳಕಾಲ್ಮೂರಿನಿಂದ ದುರ್ಗಕ್ಕೋ, ನ್ಯಾಮತಿಯಿಂದ ದಾವಣಗೆರೆಗೋ ಬಸ್ಸಲ್ಲಿ ಬಂದು, ‘ರೆಟಿನಾ ಡಾಕ್ಟರು ಗುರುವಾರ ಬರ್ತಾರೆ’ ಎಂದು ಕೇಳಿಸಿಕೊಂಡು ವಾಪಸ್ ಹೋಗುವುದಕ್ಕಿಂತ ಬೇಸರದ ಕೆಲಸ ಇನ್ನಿಲ್ಲ. ಜಿಲ್ಲಾ ಕೇಂದ್ರಗಳ ಬಹಳಷ್ಟು ಖಾಸಗಿ ಕಣ್ಣಿನ ಆಸ್ಪತ್ರೆಗಳಲ್ಲಿ ಪೊರೆ ಆಪರೇಷನ್ ಮಾಡುವವರು ದಿನವೂ ಇರುತ್ತಾರೆ. ರೆಟಿನಾ ತಜ್ಞರು ವಾರದ ಗೊತ್ತಾದ ದಿನಗಳಲ್ಲಿ ಮಾತ್ರ. ಹಾಗಾಗಿ ಫೋನ್ ಎತ್ತಿದ ಕೂಡಲೇ ಹೀಗೆ ಶುರು ಮಾಡಿ: “ಶುಗರ್ ಐತ್ರೀ, ಎಂಟು ವರ್ಷ ಆತು. ಡ್ರಾಪ್ಸ್ ಹಾಕಿ ಕಣ್ಣಿನ ಪರದೆ ನೋಡಿಸ್ಬೇಕು. ರೆಟಿನಾ ಡಾಕ್ಟ್ರು ಯಾವತ್ತು ಇರ್ತಾರ್ರೀ?” ಈ ಮೂರು ಮಾತು ಹೇಳಿದರೆ ರಿಸೆಪ್ಷನ್ ಹುಡುಗಿಗೆ ನಿಮ್ಮನ್ನು ಯಾವ ಸಾಲಿಗೆ ಹಾಕಬೇಕು ಎಂದು ತಿಳಿಯುತ್ತದೆ.

ಆಮೇಲೆ ಒಸಿಟಿ ಮಷಿನ್, ಅಂದರೆ ಪರದೆಯ ಪದರಗಳ ಚಿತ್ರ ತೆಗೆಯುವುದು, ಅಲ್ಲೇ ಇದೆಯೇ, ಇವತ್ತು ನಡೆಯುತ್ತಿದೆಯೇ ಎಂದು ಕೇಳಿ. ಕೆಲವು ಕಡೆ ಬೋರ್ಡಿನ ಮೇಲೆ ಇರುತ್ತದೆ, ಮಷಿನ್ ಸರ್ವಿಸಿಗೆ ಹೋಗಿರುತ್ತದೆ. ಕೊನೆಯ ಡ್ರಾಪ್ಸ್ ಎಷ್ಟು ಗಂಟೆಗೆ ಹಾಕುತ್ತಾರೆ ಎನ್ನುವುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಯಾರೂ ಕೇಳುವುದೂ ಇಲ್ಲ. ಒಪಿಡಿ ಎರಡು ಗಂಟೆಯವರೆಗೆ ಎಂದರೆ ಹನ್ನೆರಡೂವರೆಗೆಲ್ಲ ಡ್ರಾಪ್ಸ್ ನಿಲ್ಲಿಸಿರುವ ಸಾಧ್ಯತೆ ಹೆಚ್ಚು, ಯಾಕೆಂದರೆ ಪಾಪೆ ಅಗಲವಾಗಲು ಅರ್ಧ ಗಂಟೆಯಾದರೂ ಬೇಕು. ಒಂದು ಗಂಟೆಗೆ ಹೋದವರಿಗೆ ಚೀಟಿ ಸಿಗುತ್ತದೆ, ಪರೀಕ್ಷೆ ಸಿಗುವುದಿಲ್ಲ. ಕನ್ಸಲ್ಟೇಷನ್, ಫಂಡಸ್ (ಪರದೆಯ) ಫೋಟೊ, ಒಸಿಟಿ ಮೂರಕ್ಕೂ ಬೇರೆ ಬೇರೆ ದುಡ್ಡು. ಮೂರನ್ನೂ ಬಿಡಿಸಿ ಕೇಳಿ. ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಕಾಣುವಂತೆ ಹಾಕಬೇಕೆಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ (ಕೆಪಿಎಂಇ) ಹೇಳುತ್ತದೆ. ದೂರಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ, ಅರ್ಜಿ ಕೊಡುವುದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ.

ರೇಷನ್ ಕಾರ್ಡಿನ ಮೇಲೆ ಹೋಗುವವರು ನೇರ ಖಾಸಗಿಗೆ ಹೋಗಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆದರೆ ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅಲ್ಲಿಂದಲೇ ರೆಫರಲ್. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ. ಚೀಟಿ ಮಾಡಿಸುವ ಕೌಂಟರಿನಲ್ಲಿ ಈ ಬಗ್ಗೆ ಕೇಳಿದರೆ ತಲೆ ಎತ್ತದೆ ‘ಗೊತ್ತಿಲ್ಲ’ ಎನ್ನಬಹುದು. ‘ಆರೋಗ್ಯ ಮಿತ್ರ ಎಲ್ಲಿ ಕೂರ್ತಾರೆ’ ಎಂದು ಕೇಳಿ. ಆ ಕೆಲಸಕ್ಕೇ ನೇಮಿಸಿದವರು ಅವರು. ಅವರೂ ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಆ ದಿನ ಬೆಳಿಗ್ಗೆ

ಕಣ್ಣಿನ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಇದನ್ನು ಎರಡು ಸಲ ಹೇಳಿದರೂ ಸಾಲದು. ‘ಹೆಂಗೂ ಪೇಟೆಗೆ ಬಂದೀವಿ, ರಕ್ತನೂ ಕೊಟ್ಟು ಹೋಗೋಣ’ ಎಂದು ಫಾಸ್ಟಿಂಗ್ ಟೆಸ್ಟನ್ನೂ ಅದೇ ದಿನಕ್ಕೆ ಜೋಡಿಸುತ್ತಾರೆ; ಕೆಲವರು ಅಭ್ಯಾಸಬಲದಿಂದ ಇನ್ಸುಲಿನ್ನೂ ಚುಚ್ಚಿಕೊಂಡಿರುತ್ತಾರೆ. ಲ್ಯಾಬಿನ ಸಾಲು, ಆಸ್ಪತ್ರೆಯ ಸಾಲು ಮುಗಿಯುವಷ್ಟರಲ್ಲಿ ಬೆವರು, ನಡುಕ, ಕಣ್ಣು ಕತ್ತಲೆ. ಡ್ರಾಪ್ಸಿನಿಂದ ಕಣ್ಣು ಮಂಜಾಗಿದೆಯೋ, ಶುಗರ್ ಇಳಿದು ಮಂಜಾಗಿದೆಯೋ ಪಕ್ಕದಲ್ಲಿ ಕೂತವರಿಗೆ ತಿಳಿಯುವುದಿಲ್ಲ. ರಕ್ತ ಕೊಡುವುದಿದ್ದರೆ ಬೇರೆ ದಿನ ಕೊಡಿ. ಇಲ್ಲವೇ ಮೊದಲು ರಕ್ತ ಕೊಟ್ಟು, ತಿಂಡಿ ತಿಂದು, ಮಾತ್ರೆ ಇನ್ಸುಲಿನ್ ಎಂದಿನಂತೆ ತೆಗೆದುಕೊಂಡು, ಆಮೇಲೆ ಕಣ್ಣಿಗೆ ಹೋಗಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ: 15 ಗ್ರಾಂ, ಅಂದರೆ ಮೂರು ಚಹಾ ಚಮಚದಷ್ಟು, ನೀರಲ್ಲಿ ಕಲಸಿ ಕುಡಿದು ಹದಿನೈದು ನಿಮಿಷ ಬಿಟ್ಟು ಮತ್ತೆ ಶುಗರ್ ನೋಡುವುದು. (ಬೆಣ್ಣೆ ದೋಸೆ ತಿಂದು ಹೋದರೆ ಕಣ್ಣಿನ ಪರೀಕ್ಷೆಗೇನೂ ಆಗುವುದಿಲ್ಲ. ಶುಗರಿನ ಲೆಕ್ಕ ನಿಮಗೆ ಬಿಟ್ಟದ್ದು.)

ಚೀಲದಲ್ಲಿ ಇರಬೇಕಾದವು: ಈಗ ಹಾಕುವ ಕನ್ನಡಕಗಳು, ಓದುವುದೂ ಸೇರಿ, ಹಳೆಯ ಕಣ್ಣಿನ ಫೈಲು, ಇತ್ತೀಚಿನ ಎಚ್‌ಬಿಎ1ಸಿ, ಬಿಪಿ, ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಅಂಕಿಗಳು, ಮಾತ್ರೆಗಳ ಹೆಸರು. ಹೆಸರು ಬರೆಯಲು ಬೇಸರವಾದರೆ ಮಾತ್ರೆ ಪಟ್ಟಿಗಳನ್ನೇ ಹಾಕಿಕೊಳ್ಳಿ. ಶುಗರಿಗೆ ಪಿಯೋಗ್ಲಿಟಾಜೋನ್ ತೆಗೆದುಕೊಳ್ಳುತ್ತಿದ್ದರೆ ಪರದೆಯ ನಡುಭಾಗದ ಊತ ಹೆಚ್ಚಾಗಬಹುದು. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದರೆ ಪೊರೆ ಆಪರೇಷನ್ ಮಾಡುವವರಿಗೆ ಅದು ಮೊದಲೇ ಗೊತ್ತಿರಬೇಕು. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ ಇದ್ದರೆ ಡ್ರಾಪ್ಸಿಗೆ ಮೊದಲೇ ಹೇಳಿ. ಪಾಪೆ ಅಗಲ ಮಾಡುವ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ ಟ್ರೋಪಿಕಮೈಡ್ ಜೊತೆ ಫಿನೈಲೆಫ್ರಿನ್ ಇರುತ್ತದೆ, ಅದು ಬಿಪಿ ಏರಿಸಬಲ್ಲದು.

ಬೈಕ್ ತರಬೇಡಿ. ಜೊತೆಗೊಬ್ಬರು ಇರಲಿ, ಕಪ್ಪು ಕನ್ನಡಕವೋ ಟೋಪಿಯೋ ಇರಲಿ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಅಗಲವಾದ ಪಾಪೆ ಹೊತ್ತು ಬಯಲುಸೀಮೆಯ ಬಿಸಿಲಿಗೆ ಬಂದರೆ ಬಸ್ಸಿನ ಬೋರ್ಡಿರಲಿ, ಬಸ್ಸೇ ಸರಿಯಾಗಿ ಕಾಣುವುದಿಲ್ಲ.

ಡ್ರಾಪ್ಸ್ ಹಾಕುವ ಮೊದಲು ಮುಗಿಸಬೇಕಾದ ಕೆಲಸಗಳಿವೆ, ಇದನ್ನು ಯಾವ ಆಸ್ಪತ್ರೆಯವರೂ ಹೇಳುವುದಿಲ್ಲ. ಡ್ರಾಪ್ಸ್ ಬಿದ್ದ ಮೇಲೆ ನಾಲ್ಕರಿಂದ ಆರು ಗಂಟೆ, ಕೆಲವರಿಗೆ ಸಂಜೆಯವರೆಗೂ, ಹತ್ತಿರದ ಅಕ್ಷರ ಕಾಣುವುದಿಲ್ಲ. ಫೋನ್‌ಪೇ ಪಿನ್ ಒತ್ತಲು ಆಗುವುದಿಲ್ಲ, ಒಟಿಪಿ ಓದಲು ಆಗುವುದಿಲ್ಲ, ಒಪ್ಪಿಗೆ ಪತ್ರದಲ್ಲಿ ಬಲಗಣ್ಣು ಎಂದಿದೆಯೋ ಎಡಗಣ್ಣು ಎಂದಿದೆಯೋ ಗೊತ್ತಾಗುವುದಿಲ್ಲ. ಆ ಸ್ಥಿತಿಯಲ್ಲಿ ಅಪರಿಚಿತರ ಕೈಗೆ ಫೋನ್ ಕೊಟ್ಟು ‘ನೀವೇ ಹಾಕ್ರಿ’ ಎನ್ನುವವರನ್ನು ಯಾವ ಕಣ್ಣಿನ ಆಸ್ಪತ್ರೆಯಲ್ಲಿ ಬೇಕಾದರೂ ನೋಡಬಹುದು. ದುಡ್ಡು ಕಟ್ಟುವುದು, ರಸೀದಿಯಲ್ಲಿ ಹೆಸರು ವಯಸ್ಸು ತಾಳೆ ನೋಡುವುದು, ಸಹಿ ಹಾಕುವುದು, ಮನೆಗೆ ಫೋನ್ ಮಾಡುವುದು, ಎಲ್ಲ ಮೊದಲೇ ಆಗಲಿ.

ಒಳಗೆ ನಡೆಯುವುದು

ಮೊದಲು ದೃಷ್ಟಿ, ಆಮೇಲೆ ಕಣ್ಣಿನ ಒತ್ತಡ. ಗಾಳಿ ಊದುವ ಮಷಿನ್ನಿನಲ್ಲಿ 10ರಿಂದ 21 ಇದ್ದರೆ ಸಾಮಾನ್ಯ. ಗಾಳಿಗೆ ಬೆಚ್ಚಿ ರೆಪ್ಪೆ ಬಿಗಿದರೆ ಅಂಕಿ ಹೆಚ್ಚು ತೋರಿಸುತ್ತದೆ, ಆಗ ಇನ್ನೊಮ್ಮೆ ಅಳೆಯಲು ಹೇಳಿ. ಡ್ರಾಪ್ಸ್ ಕೆಲವು ಕ್ಷಣ ಉರಿಯುತ್ತದೆ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಒಂದು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದಿಲ್ಲ, ಕಹಿಯೂ ಇರುವುದಿಲ್ಲ. ಉಜ್ಜಬೇಡಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಮೂರು ಸಲ ಹಾಕುತ್ತಾರೆ. ಬಹಳ ವರ್ಷದಿಂದ ಶುಗರ್ ಇದ್ದವರ ಪಾಪೆ ಬೇಗ ಅಗಲವಾಗುವುದಿಲ್ಲ. ಕಾಯಿಸುತ್ತಿದ್ದಾರೆ ಎಂದು ಸಿಟ್ಟು ಬರುವ ಜಾಗ ಇದು, ಆದರೆ ಈ ಕಾಯುವಿಕೆಗೆ ಅರ್ಥವಿದೆ. ಅರ್ಧ ಅಗಲವಾದ ಪಾಪೆಯಲ್ಲಿ ನೋಡಿದರೆ ಪರದೆಯ ಅಂಚು ತಪ್ಪಿಹೋಗುತ್ತದೆ.

ಆಮೇಲೆ ಡಾಕ್ಟರು ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲೊಂದು ಲೆನ್ಸ್ ಹಿಡಿದು, ಮೇಲೆ ನೋಡಿ ಕೆಳಗೆ ನೋಡಿ ಎನ್ನುತ್ತಾರೆ. ಬೆಳಕು ಜೋರು, ನೋವಿಲ್ಲ. ಒಸಿಟಿ ಎಂದರೆ ಪರದೆಯ ಪದರಗಳ ಅಡ್ಡಕೊಯ್ತದ ಚಿತ್ರ. ಮುಟ್ಟುವುದಿಲ್ಲ, ಚುಚ್ಚುವುದಿಲ್ಲ, ಐದು ನಿಮಿಷ. ಆಂಜಿಯೋಗ್ರಾಂ ಬೇರೆ: ಕೈನರಕ್ಕೆ ಹಳದಿ ಬಣ್ಣದ ಔಷಧ ಕೊಟ್ಟು ಸರಣಿ ಫೋಟೊ ತೆಗೆಯುತ್ತಾರೆ. ಕೆಲವರಿಗೆ ವಾಕರಿಕೆ ಬರುತ್ತದೆ, ಚರ್ಮ ಹಳದಿಯಾಗುತ್ತದೆ, ಮರುದಿನದವರೆಗೆ ಮೂತ್ರ ಕಿತ್ತಳೆ ಬಣ್ಣದಲ್ಲಿ ಹೋಗುತ್ತದೆ, ಹೆದರಬೇಕಿಲ್ಲ. ಅಲರ್ಜಿ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.

ಕ್ಯಾಂಪುಗಳಲ್ಲಿ ಡ್ರಾಪ್ಸ್ ಇಲ್ಲದೆ ಕ್ಯಾಮೆರಾದಲ್ಲಿ ಪರದೆಯ ಫೋಟೊ ತೆಗೆದು ಕಳಿಸುವುದಿದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಪೊರೆ ಬಂದವರಲ್ಲಿ, ಪಾಪೆ ಚಿಕ್ಕದಿರುವವರಲ್ಲಿ ಫೋಟೊ ಮಂಜಾಗುತ್ತದೆ. ವರದಿಯಲ್ಲಿ ‘ಚಿತ್ರ ಓದಲಾಗಲಿಲ್ಲ’ ಎಂದಿದ್ದರೆ ಅದನ್ನು ‘ಏನೂ ಇಲ್ಲ’ ಎಂದು ಓದಿಕೊಳ್ಳಬೇಡಿ. ಅಂಥವರೇ ಆಸ್ಪತ್ರೆಗೆ ಹೋಗಿ ಡ್ರಾಪ್ಸ್ ಹಾಕಿಸಿ ನೋಡಿಸಬೇಕಾದವರು.

ಮನೆಗೆ ಬಂದ ಮೇಲೆ ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿ ಬಂದು, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಕಣ್ಣಿನ ಒತ್ತಡ ಏಕಾಏಕಿ ಏರಿರಬಹುದು. ಅಪರೂಪ, ಆದರೆ ಆಗುವುದುಂಟು.

ಚೀಟಿಯಲ್ಲಿ ಬರೆದದ್ದು

ಆರ್‌ಇ ಅಥವಾ ಒಡಿ ಎಂದರೆ ಬಲಗಣ್ಣು, ಎಲ್‌ಇ ಅಥವಾ ಒಎಸ್ ಎಂದರೆ ಎಡಗಣ್ಣು. ಎನ್‌ಪಿಡಿಆರ್ ಎಂದರೆ ಹೊಸ ನಾಳ ಇನ್ನೂ ಹುಟ್ಟದ ಹಂತ. ಅದರಲ್ಲಿ ಮೈಲ್ಡ್, ಮಾಡರೇಟ್, ಸಿವಿಯರ್. ಪಿಡಿಆರ್ ಎಂದರೆ ಹುಟ್ಟಿದೆ. ಡಿಎಂಇ ಎಂದರೆ ಪರದೆಯ ನಡುಭಾಗದಲ್ಲಿ ಊತ, ಇದು ಯಾವ ಹಂತದಲ್ಲಿ ಬೇಕಾದರೂ ಬರಬಹುದು. ಏನೂ ಇಲ್ಲದಿದ್ದರೆ ವರ್ಷಕ್ಕೆ. ಮೈಲ್ಡ್ ಇದ್ದರೆ ಆರರಿಂದ ಹನ್ನೆರಡು ತಿಂಗಳಿಗೆ. ಮಾಡರೇಟ್ ಇದ್ದರೆ ಮೂರರಿಂದ ಆರು. ಸಿವಿಯರ್ ಇದ್ದರೆ ಮೂರು ತಿಂಗಳೊಳಗೆ. ಪಿಡಿಆರ್, ಇಲ್ಲವೇ ನಡುಭಾಗದ ಊತ ಇದ್ದರೆ ತಿಂಗಳಿಗೊಮ್ಮೆಯ ಲೆಕ್ಕ. ನಿಮ್ಮ ಡಾಕ್ಟರು ಇನ್ನೂ ಬೇಗ ಕರೆದರೆ ಅವರ ಮಾತೇ ಸರಿ. ಚೀಟಿಯಲ್ಲಿ ಹಂತವನ್ನೂ ಮುಂದಿನ ತಾರೀಖನ್ನೂ ಬರೆಸಿಕೊಳ್ಳದೆ ಏಳಬೇಡಿ. ‘ನರ ವೀಕ್ ಆಗೈತೆ’ ಎಂದು ಬಾಯಲ್ಲಿ ಹೇಳಿದ್ದು ಮುಂದಿನ ಡಾಕ್ಟರಿಗೂ ಕೆಲಸಕ್ಕೆ ಬರುವುದಿಲ್ಲ, ವಿಮೆಗೂ ಬರುವುದಿಲ್ಲ.

ಒಸಿಟಿಯಲ್ಲಿ ನಡುಭಾಗದ ದಪ್ಪ ಮೈಕ್ರಾನ್ ಲೆಕ್ಕದಲ್ಲಿರುತ್ತದೆ. ಒಂದು ಕಂಪನಿಯ ಮಷಿನ್ನಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬಾರದು, ಅಳೆಯುವ ರೀತಿಯೇ ಬೇರೆ. ದಾವಣಗೆರೆಯಲ್ಲಿ ಒಂದು ಸಲ, ಶಿವಮೊಗ್ಗದಲ್ಲಿ ಒಂದು ಸಲ ತೆಗೆಸಿ ‘ಊತ ಹೆಚ್ಚಾಯ್ತು’ ಎಂದು ಗಾಬರಿಯಾಗುವವರಿದ್ದಾರೆ. ಆದಷ್ಟೂ ಒಂದೇ ಕಡೆ ತೆಗೆಸಿ. ಪ್ರತಿ ಸಲ ಬಣ್ಣದ ಪ್ರಿಂಟನ್ನೋ ಪಿಡಿಎಫನ್ನೋ ಕೇಳಿ ಪಡೆಯಿರಿ. ‘ನಮ್ಮ ಸಿಸ್ಟಮ್ಮಲ್ಲಿ ಇರುತ್ತೆ’ ಎನ್ನುತ್ತಾರೆ. ಇರಲಿ, ನಿಮ್ಮ ಹತ್ತಿರವೂ ಇರಲಿ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಎನ್ನುವುದು ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮದಲ್ಲೇ ಇದೆ. ಬಾಯಲ್ಲಿ ಕೇಳಿದ್ದಕ್ಕೆ ಲೆಕ್ಕವಿರುವುದಿಲ್ಲ. ಒಂದು ಸಾಲು ಬರೆದು ಕೊಟ್ಟು, ಇನ್ನೊಂದು ಪ್ರತಿಯಲ್ಲಿ ಸೀಲು ಹಾಕಿಸಿಕೊಳ್ಳಿ.

ಕನ್ನಡಕದ ಬಗ್ಗೆ ಒಂದೇ ಮಾತು. ಶುಗರ್ ಏರಿಳಿದಾಗ ಕಣ್ಣೊಳಗಿನ ಲೆನ್ಸ್ ನೀರು ಹಿಡಿದು ನಂಬರೇ ಬದಲಾಗುತ್ತದೆ. ಶುಗರ್ 350 ಇದ್ದಾಗ ಮಾಡಿಸಿದ ಕನ್ನಡಕ, ಅದು 140ಕ್ಕೆ ಇಳಿದಾಗ ಹೊಂದುವುದಿಲ್ಲ. ಆಮೇಲೆ ಅಂಗಡಿಯವರ ಜೊತೆ ಜಗಳ, ಅವರದ್ದೇನೂ ತಪ್ಪಿರುವುದಿಲ್ಲ. ಶುಗರ್ ಒಂದು ಮಟ್ಟಕ್ಕೆ ನಿಂತು ನಾಲ್ಕರಿಂದ ಆರು ವಾರವಾದ ಮೇಲೆ ನಂಬರ್ ತೆಗೆಸಿ.

ಇಂಜೆಕ್ಷನ್, ಲೇಸರ್

ಲೇಸರ್ ದೃಷ್ಟಿ ಹೆಚ್ಚಿಸಲು ಮಾಡುವುದಲ್ಲ, ಇರುವುದನ್ನು ಉಳಿಸಲು. ಪಿಡಿಆರ್‌ಗೆ ಪರದೆಯ ಅಂಚಿಗೆಲ್ಲ ಸಾವಿರಕ್ಕೂ ಹೆಚ್ಚು ಚುಕ್ಕಿಗಳನ್ನು ಕೆಲವು ಸಿಟಿಂಗ್‌ಗಳಲ್ಲಿ ಹಾಕುತ್ತಾರೆ. ಪಕ್ಕದ ನೋಟ, ರಾತ್ರಿಯ ನೋಟ ಸ್ವಲ್ಪ ಕಡಿಮೆಯಾಗಬಹುದು. ಒಂದು ಸಿಟಿಂಗ್ ಮಾಡಿಸಿ ‘ಏನೂ ಸುಧಾರಿಸಲಿಲ್ಲ’ ಎಂದು ಬಿಟ್ಟುಬಿಡುವುದೇ ದೊಡ್ಡ ತಪ್ಪು.

ನಡುಭಾಗದ ಊತಕ್ಕೆ ಕಣ್ಣೊಳಗೆ ಇಂಜೆಕ್ಷನ್. ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ, ನಿಜವಾಗಿ ಕೆಲವು ಸೆಕೆಂಡಿನ ಕೆಲಸ. ಮರಗಟ್ಟಿಸುವ ಡ್ರಾಪ್ಸ್, ಅಯೋಡಿನ್ ದ್ರಾವಣದಲ್ಲಿ ಶುದ್ಧಿ, ಬಿಳಿಗುಡ್ಡೆಯ ಮೂಲಕ ಬಹಳ ಸಣ್ಣ ಸೂಜಿ. ಆಮೇಲಿನ ಉರಿ ಬಹುಪಾಲು ಅಯೋಡಿನ್ನಿನದ್ದು. ಮರುದಿನ ಬಿಳಿಭಾಗದಲ್ಲಿ ಕೆಂಪು ಮಚ್ಚೆ ಕಂಡರೆ ತಾನೇ ಹೋಗುತ್ತದೆ. ಎರಡರಿಂದ ಐದು ದಿನದಲ್ಲಿ ನೋವು ಏರುತ್ತಾ, ದೃಷ್ಟಿ ಇಳಿಯುತ್ತಾ, ಕಣ್ಣು ಕೆಂಪಗಾದರೆ ಅದು ಸೋಂಕು. ಭಾನುವಾರವಿರಲಿ ಹಬ್ಬವಿರಲಿ ಆಗಲೇ ಹೋಗಬೇಕು. ಇಂಜೆಕ್ಷನ್ ಹಾಕಿಸಿದ ದಿನವೇ ಆಸ್ಪತ್ರೆಯ ತುರ್ತು ನಂಬರ್ ಕೇಳಿ ಬರೆದುಕೊಂಡು, ಅಲ್ಲೇ ನಿಂತು ಒಮ್ಮೆ ರಿಂಗ್ ಮಾಡಿ ನೋಡಿ. ಚೀಟಿಯ ಮೇಲೆ ಅಚ್ಚಾದ ನಂಬರ್ ರಾತ್ರಿ ಎಂಟರ ಮೇಲೆ ಯಾರೂ ಎತ್ತದ ರಿಸೆಪ್ಷನ್ ನಂಬರ್ ಆಗಿರುವುದು ಸಾಮಾನ್ಯ. ಇತ್ತೀಚೆಗೆ ಪಾರ್ಶ್ವವಾಯು, ಹೃದಯಾಘಾತ ಆಗಿದ್ದರೆ ಇಂಜೆಕ್ಷನ್ನಿಗೆ ಮೊದಲೇ ಹೇಳಿ.

ಔಷಧಗಳ ಬೆಲೆಯಲ್ಲಿ ಅಜಗಜಾಂತರ. ಬೆವಾಸಿಝುಮ್ಯಾಬ್ ಮೂಲತಃ ಕ್ಯಾನ್ಸರಿನ ಔಷಧ, ಒಂದು ಬಾಟಲಿಯನ್ನು ಸಣ್ಣ ಡೋಸುಗಳಾಗಿ ಹಂಚುವುದರಿಂದ ಅಗ್ಗ. ರಾನಿಬಿಝುಮ್ಯಾಬಿಗೆ ಭಾರತದಲ್ಲೇ ತಯಾರಾದ ರೂಪ 2015ರಿಂದ ಇದೆ. ಅಫ್ಲಿಬರ್ಸೆಪ್ಟ್ ದುಬಾರಿ. ಯಾವುದು, ಯಾಕೆ, ಮೊದಲ ಕೆಲವು ತಿಂಗಳಿಗೆ ಒಟ್ಟು ಎಷ್ಟು ಡೋಸ್ ಬೇಕಾಗಬಹುದು ಎಂದು ಮೊದಲೇ ಕೇಳಿ. ಒಂದಕ್ಕೆ ಮುಗಿಯುವುದು ಅಪರೂಪ. ಒಂದಕ್ಕೆ ಸಾಲ ಮಾಡಿ ಎರಡನೆಯದಕ್ಕೆ ಬಾರದೇ ಹೋದರೆ ಮೊದಲಿನದೂ ನೀರಿಗೆ ಹಾಕಿದಂತೆ.

ವಿಮೆ ಕಂಪನಿಯ ಜೊತೆ

ಮಾಮೂಲಿ ಚೆಕಪ್, ಡ್ರಾಪ್ಸ್, ಒಸಿಟಿ ಇವಕ್ಕೆ ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ, ಒಪಿಡಿ ಸೌಲಭ್ಯ ಬೇರೆಯಾಗಿ ತೆಗೆದುಕೊಂಡಿದ್ದರೆ ಮಾತ್ರ. ಅದಕ್ಕೆ ಜಗಳವಾಡಿ ಫಲವಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಮುನ್ನೆಚ್ಚರಿಕೆ ತಪಾಸಣೆಗೆ 5,000 ರೂಪಾಯಿವರೆಗೆ ತೋರಿಸಬಹುದು, ನಗದು ಕೊಟ್ಟಿದ್ದರೂ ನಡೆಯುತ್ತದೆ.

ಜಗಳ ಶುರುವಾಗುವುದು ಇಂಜೆಕ್ಷನ್ನಿನ ಕ್ಲೇಮಿನಲ್ಲಿ. ಕಸ್ಟಮರ್ ಕೇರಿನವರ ಮೊದಲ ಉತ್ತರ: ‘24 ಗಂಟೆ ಅಡ್ಮಿಟ್ ಆಗಿಲ್ಲ ಸರ್, ಒಪಿಡಿ ಪ್ರೊಸೀಜರ್.’ ಇಲ್ಲಿ ಹೇಳಬೇಕಾದ ಮಾತು ಒಂದೇ. ಐಆರ್‌ಡಿಎಐ (ವಿಮೆ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ) 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪಾಲಿಸಿಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ‘ಇಂಟ್ರಾವಿಟ್ರಿಯಲ್ ಇಂಜೆಕ್ಷನ್’ (ಕಣ್ಣೊಳಗಿನ ಇಂಜೆಕ್ಷನ್) ಹೆಸರು ಹಿಡಿದೇ ಇತ್ತು. ಆದರೆ ಕಂಪನಿ ಅದಕ್ಕೊಂದು ಮಿತಿ ಹಾಕಬಹುದು. ಹಾಗಾಗಿ ಆಸ್ಪತ್ರೆಗೆ ಹೋಗುವ ಮೊದಲೇ ಪಾಲಿಸಿ ಪುಸ್ತಕದಲ್ಲಿ ಆ ಪಟ್ಟಿ ಹುಡುಕಿ ಮಿತಿ ಎಷ್ಟು ಎಂದು ನೋಡಿ. ಏಜೆಂಟರ ‘ಎಲ್ಲಾ ಕವರ್ ಆಗುತ್ತೆ ಅಣ್ಣ’ ಎನ್ನುವ ಮಾತು ಪಾಲಿಸಿಯಲ್ಲಿ ಅಚ್ಚಾಗಿರುವುದಿಲ್ಲ.

ಎರಡನೆಯ ಅಡ್ಡಿ ‘ಮೊದಲೇ ಇದ್ದ ಕಾಯಿಲೆ’. 2024ರ ನಿಯಮಗಳ ಪ್ರಕಾರ ಇದಕ್ಕೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಪಾಲಿಸಿ ಬಿಡದೆ ನಡೆದು 60 ತಿಂಗಳಾಗಿದ್ದರೆ, ಮೋಸ ಸಾಬೀತಾಗದ ಹೊರತು, ‘ಶುಗರ್ ಇದ್ದದ್ದು ಹೇಳಿರಲಿಲ್ಲ’ ಎಂದು ತಿರಸ್ಕರಿಸುವಂತಿಲ್ಲ. ಈ ಜಾಗದಲ್ಲೇ ಒಂದು ಸಾಲು ಎಷ್ಟೋ ಕ್ಲೇಮುಗಳನ್ನು ಮುಳುಗಿಸುತ್ತದೆ: ಡಿಸ್ಚಾರ್ಜ್ ಸಮರಿಯ ಮೇಲ್ಭಾಗದಲ್ಲಿ ಡ್ಯೂಟಿ ಡಾಕ್ಟರು ಅವಸರದಲ್ಲಿ ಬರೆಯುವ ‘ಶುಗರ್ 15 ವರ್ಷದಿಂದ’ ಎನ್ನುವ ಸಾಲು. ಅಜ್ಜ ‘ಭಾಳ ವರ್ಷ ಆತಪ್ಪ’ ಎಂದದ್ದು ಕಾಗದದಲ್ಲಿ ಹದಿನೈದಾಗಿರುತ್ತದೆ. ನಿಜಕ್ಕೂ ಏಳೇ ವರ್ಷವಾಗಿರಬಹುದು. ಮನೆಗೆ ಹೊರಡುವ ಮೊದಲು ಜೊತೆಗಿದ್ದವರು ಆ ಸಾಲು ಓದಿ, ತಪ್ಪಿದ್ದರೆ ಹಳೆಯ ಲ್ಯಾಬ್ ರಿಪೋರ್ಟ್ ತೋರಿಸಿ ತಿದ್ದಿಸಿ ಸಹಿ ಹಾಕಿಸಿಕೊಳ್ಳಬೇಕು. ಸರಿಯಾಗಿದ್ದದ್ದನ್ನು ತಿದ್ದಿಸಲು ಹೋಗಬೇಡಿ, ಅದು ಸುಳ್ಳಾಗುತ್ತದೆ, ಸಿಕ್ಕಿಬೀಳುತ್ತದೆ.

ಕಳಿಸಬೇಕಾದ ಕಾಗದ: ಒಳಬಂದ ಮತ್ತು ಹೊರಹೋದ ಸಮಯ ಇರುವ ಡೇ ಕೇರ್ ಸಮರಿ, ಪ್ರೊಸೀಜರ್ ನೋಟ್, ಇಂಜೆಕ್ಷನ್ನಿಗೆ ಮೊದಲಿನ ಒಸಿಟಿ ಚಿತ್ರ, ಔಷಧದ ಬಿಲ್ಲು ಮತ್ತು ಡಬ್ಬಿಯ ಮೇಲಿನ ಬ್ಯಾಚ್ ನಂಬರಿನ ಸ್ಟಿಕ್ಕರ್, ದುಡ್ಡು ಕಟ್ಟಿದ ರಸೀದಿ, ರದ್ದು ಮಾಡಿದ ಚೆಕ್ಕು, ಗುರುತಿನ ಚೀಟಿ. ಕೆಡುವುದು ಎರಡು ಕಡೆ. ಒಂದು, ಸಮರಿಯಲ್ಲಿ ಬಲಗಣ್ಣು, ಬಿಲ್ಲಿನಲ್ಲಿ ಎಡಗಣ್ಣು. ಇನ್ನೊಂದು, ನಮ್ಮ ಇನಿಷಿಯಲ್ಲುಗಳು. ಆಧಾರಿನಲ್ಲಿ ಊರು ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ, ಪಾಲಿಸಿಯಲ್ಲಿ ಎರಡಕ್ಷರ ಹಿಂದೆ, ಆಸ್ಪತ್ರೆಯ ಬಿಲ್ಲಿನಲ್ಲಿ ಎರಡಕ್ಷರ ಮುಂದೆ. ಹೊಸ ಫೈಲ್ ಮಾಡಿಸುವಾಗಲೇ ಪಾಲಿಸಿಯಲ್ಲಿರುವಂತೆ ಬರೆಸಿ.

ಕ್ಯಾಶ್‌ಲೆಸ್ ಇದ್ದರೆ ಎರಡು ಮೂರು ದಿನ ಮೊದಲೇ ಕಾಗದ ಕಳಿಸಲು ಆಸ್ಪತ್ರೆಯ ವಿಮೆ ಡೆಸ್ಕಿಗೆ ಹೇಳಿ. ಐಆರ್‌ಡಿಎಐಯ 2024ರ ಸುತ್ತೋಲೆಯಂತೆ ಕಂಪನಿ ಒಂದು ಗಂಟೆಯೊಳಗೆ ಒಪ್ಪಿಗೆಯ ಬಗ್ಗೆ ಹೇಳಬೇಕು, ಬಿಡುಗಡೆಯ ಒಪ್ಪಿಗೆಗೆ ಮೂರು ಗಂಟೆ. ತಡವಾದಾಗ ಆಸ್ಪತ್ರೆಯವರು ಕಂಪನಿ ಕಡೆ, ಕಂಪನಿಯವರು ಆಸ್ಪತ್ರೆ ಕಡೆ ಬೆರಳು ತೋರಿಸುತ್ತಾರೆ. ಆಗ ಡೆಸ್ಕಿನವರಿಂದ ಕಳಿಸಿದ ಮೇಲ್‌ನ ಸಮಯವನ್ನು ಫೋಟೊ ತೆಗೆದುಕೊಂಡು, ಕಂಪನಿಗೆ ಫೋನ್ ಮಾಡಿ ಆ ಸಮಯವನ್ನೇ ಓದಿ ಹೇಳಿ. ಮಾತಿನ ಧಾಟಿ ಬದಲಾಗುತ್ತದೆ.

ಫೋನ್ ಮಾಡುವಾಗ ಕನ್ನಡದ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಹಿಂದಿಯಲ್ಲಿ ಅರ್ಧಂಬರ್ಧ ಹೇಳಿದ್ದು ಅಲ್ಲಿ ಇನ್ನೇನೋ ಆಗಿ ದಾಖಲಾಗುತ್ತದೆ. ಪಾಲಿಸಿ ನಂಬರ್, ಕ್ಲೇಮ್ ನಂಬರ್ ಕಣ್ಣೆದುರಿಗಿರಲಿ. ಮಾತಾಡಿದವರ ಹೆಸರು, ಹೊತ್ತು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ‘ಕಾಲ್ ಬ್ಯಾಕ್ ಮಾಡ್ತೀವಿ’ ಎಂದರೆ ದೂರಿನ ನಂಬರ್ ಕೊಡದೆ ಫೋನ್ ಇಡಲು ಬಿಡಬೇಡಿ. ಆ ಕಡೆ ಕೂತ ಹುಡುಗನಿಗೆ ಕ್ಲೇಮ್ ಕೊಡುವ ಅಧಿಕಾರವಿಲ್ಲ, ಅವನ ಮೇಲೆ ರೇಗಿ ಪ್ರಯೋಜನವಿಲ್ಲ. ಒಂದೊಂದೇ ಕಾಗದ ಕೇಳುತ್ತಾ ದಿನ ತಳ್ಳುತ್ತಿದ್ದರೆ, ‘ಇನ್ನೇನೇನು ಬೇಕೋ ಎಲ್ಲಾ ಒಂದೇ ಮೇಲ್‌ನಲ್ಲಿ ಕಳಿಸಿ’ ಎಂದು ಬರೆಯಿರಿ.

ತಿರಸ್ಕಾರವಾದರೆ ‘ಪಾಲಿಸಿಯ ಯಾವ ಕಲಂ ಪ್ರಕಾರ, ಬರವಣಿಗೆಯಲ್ಲಿ ಕೊಡಿ’ ಎಂದು ಕೇಳಿ. ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ತಿರಸ್ಕರಿಸುವಂತಿಲ್ಲ, ಕಾರಣಕ್ಕೆ ಕಲಂ ತೋರಿಸಬೇಕು ಎಂದು ಅದೇ 2024ರ ಸುತ್ತೋಲೆಯಲ್ಲಿದೆ. ಉತ್ತರ ಒಪ್ಪಿಗೆಯಾಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೇಲ್, ಜೊತೆಗೆ ಐಆರ್‌ಡಿಎಐಯ ದೂರಿನ ತಾಣವಾದ ಬಿಮಾ ಭರೋಸಾ ಪೋರ್ಟಲ್ ಅಥವಾ 155255. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ, ವಿಮೆಯ ದೂರು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್‌ಗೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗ, ದಾವಣಗೆರೆ ಚಿತ್ರದುರ್ಗ ಎರಡು ಕಡೆಯೂ ಇದೆ. ಎರಡು ವರ್ಷದ ಗಡುವು, ಕಟ್ಟಿದ ಪ್ರೀಮಿಯಂ 5 ಲಕ್ಷ ಮೀರದಿದ್ದರೆ ಅಲ್ಲೂ ಶುಲ್ಕವಿಲ್ಲ. ಒಂದೇ ವಿಷಯಕ್ಕೆ ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ. ನನ್ನ ಪ್ರಕಾರ ಇಂಜೆಕ್ಷನ್ನಿನಂಥ ಸಣ್ಣ ಮೊತ್ತಕ್ಕೆ ಓಂಬುಡ್ಸ್‌ಮನ್ನೇ ವಾಸಿ.

ಗ್ಲುಕೋಮೀಟರ್ ತಪ್ಪು ತೋರಿಸುತ್ತಿದೆ ಎಂದು ಅದರ ಕಂಪನಿಗೆ ಫೋನ್ ಮಾಡುವವರು ಮೊದಲು ಕೈ ತೊಳೆದು ಒರೆಸಿ ಇನ್ನೊಮ್ಮೆ ನೋಡಿ. ಮಾವಿನ ಹಣ್ಣು ಮುಟ್ಟಿದ ಬೆರಳು ಎಂಥ ಮೀಟರನ್ನೂ ಮೋಸ ಮಾಡುತ್ತದೆ. ಸ್ಟ್ರಿಪ್ ಡಬ್ಬಿಯನ್ನು ಬಿಸಿಲಿಗೆ ಕಾದ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟಿದ್ದರೆ ಅದನ್ನು ಬದಿಗಿಟ್ಟು ಹೊಸದರಲ್ಲಿ ನೋಡಿ. ಆಮೇಲೂ ತಪ್ಪಿದ್ದರೆ ಮೀಟರ್ ಹಿಂದಿನ ಸೀರಿಯಲ್ ನಂಬರ್, ಸ್ಟ್ರಿಪ್ಪಿನ ಲಾಟ್ ನಂಬರ್, ಅವಧಿ, ಕಂಟ್ರೋಲ್ ದ್ರಾವಣದಲ್ಲಿ (ಮೀಟರ್ ಸರಿಯಿದೆಯೇ ಎಂದು ನೋಡುವ ದ್ರಾವಣ) ಬಂದ ಅಂಕಿ, ಈ ನಾಲ್ಕು ಕೈಯಲ್ಲಿದ್ದರೆ ಒಂದೇ ಕರೆಯಲ್ಲಿ ಬದಲಿ ಮೀಟರಿನ ಮಾತಿಗೆ ಬರಬಹುದು.

ಇವೆಲ್ಲಕ್ಕೂ ಫೋನ್ ನಂಬರನ್ನು ಪಾಲಿಸಿ ಕಾರ್ಡಿನಿಂದಲೋ ಡಬ್ಬಿಯ ಮೇಲಿಂದಲೋ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿದರೆ ಮೊದಲು ಬರುವ ನಂಬರ್ ಕಳ್ಳರದ್ದಾಗಿರುವುದುಂಟು. ಕ್ಲೇಮ್ ದುಡ್ಡು ಹಾಕಲು ಒಟಿಪಿ ಬೇಕು, ಒಂದು ಆ್ಯಪ್ ಹಾಕಿಕೊಳ್ಳಿ, ಹತ್ತು ರೂಪಾಯಿ ಕಳಿಸಿ ಎಂದರೆ ಫೋನ್ ಕತ್ತರಿಸಿ. ದುಡ್ಡು ಹೋಗಿಬಿಟ್ಟಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಆ ಕ್ಷಣವೇ ಫೋನ್ ಮಾಡಬೇಕು. ಡ್ರಾಪ್ಸ್ ಹಾಕಿಸಿಕೊಂಡು ಕೂತಿದ್ದರೆ ನಂಬರನ್ನು ಜೊತೆಗಿದ್ದವರಿಂದ ಒತ್ತಿಸಿ.